ಎದುರು ಫ್ಲ್ಯಾಟಿನ ಚೀನಾ ರಾಜ

ಕಳೆದ ತಿಂಗಳು ಇಲ್ಲಿ ಕುವೈತಿನ ಫಹಾಹೀಲಿನಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಅಗಲಿಸಿ ಮಲಗಿದ್ದೆ. ಡ್ರಿಲ್ಲು ಕೊರೆದ ಕಡೆಯಿಂದ ಸುಟ್ಟ ಎಲುಬಿನ ವಾಸನೆ ಬಂತು. ಹಲ್ಲು ನನ್ನದು, ನೋವು ನನ್ನದು, ಆದರೆ ನೆನಪಾದದ್ದು ಮಾತ್ರ ಮಂಗಫ್‌ನ ನಮ್ಮ ಎದುರು ಫ್ಲ್ಯಾಟಿನ ಅಣ್ಣ. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಡಾಕ್ಟರು ಪಾಪ, ನೋವಾಯಿತು ಅಂದುಕೊಂಡು ಇನ್ನೊಂದು ಇಂಜೆಕ್ಷನ್ ಚುಚ್ಚಿದರು. ಬೇಡ ಅನ್ನಲೂ ಆಗಲಿಲ್ಲ. ಬಾಯಿ ತುಂಬ ಹತ್ತಿ ಇಟ್ಟುಕೊಂಡು ಎಂತ ಹೇಳುವುದು?

ಆ ವಾಸನೆ ನಮ್ಮ ಬಿಲ್ಡಿಂಗಿಗೆಲ್ಲ ಹಬ್ಬಿದ್ದು ಒಂದು ಶುಕ್ರವಾರ ಬೆಳಿಗ್ಗೆ. ಇಗರ್ಜಿಯಿಂದ ಬಂದು ಲಿಫ್ಟಿನ ಹೊರಗೆ ಕಾಲಿಟ್ಟರೆ ಕಾರಿಡಾರ್ ಇಡೀ ಹೊಗೆ. ಎದುರುಮನೆಯ ಬಾಗಿಲು ಹಾರುಹೊಡೆದಿತ್ತು. ಅಣ್ಣ ಬಾಲ್ಕನಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಜಮೀಯಾ ಅಂಗಡಿಯ ಮಾಂಸದ ಕೌಂಟರಿನಿಂದ ಕೇಳಿ ತಂದ ಕುರಿಯ ಹೆಗಲ ಎಲುಬಿಗೆ ಕಾದ ಸೋಲ್ಡರಿಂಗ್ ಕಡ್ಡಿ ಒತ್ತುತ್ತಿದ್ದರು. ಬಿಲ್ಡಿಂಗ್ ಕಾಯುವ ಹಾರಿಸ್ ಮೂರು ಮಹಡಿ ಹತ್ತಿ ಬಂದು ಬೊಬ್ಬೆ ಹೊಡೆಯುತ್ತಿದ್ದ. ಅಕ್ಕ, ಅಂದರೆ ಅಣ್ಣನ ಹೆಂಡತಿ, "ಖಲಾಸ್ ಭಾಯಿ, ಖಲಾಸ್" ಅಂತ ಅವನನ್ನು ಕಳಿಸಿ ಗಂಡನ ಕಡೆ ತಿರುಗಿದರು. "ಆ ಚೀನಾ ರಾಜನಿಗೆ ಎಲುಬು ಸುಡಲಿಕ್ಕೆ ಅರಮನೆಯ ಅಂಗಳ ಇತ್ತು. ನಿಮಗೆ ಇರುವುದು ನಾನು ಬಟ್ಟೆ ಒಣಗಿಸುವ ಜಾಗ!" ಅಣ್ಣನಿಗೆ ಅದೊಂದೂ ಕೇಳಿಸಿದ ಹಾಗಿರಲಿಲ್ಲ. ನನ್ನನ್ನು ಕಂಡವರೇ, "ಬಾಯಮ್ಮ, ಬನ್ನಿ ಬನ್ನಿ, ಬಿರುಕು ಬಿಟ್ಟಿತು ನೋಡಿ!" ಅಂದರು, ಹೆರಿಗೆಯ ಸುದ್ದಿ ಹೇಳುವವರ ಹಾಗೆ.

ನಮ್ಮೂರ ಕಡೆ ತುಳುವರು ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಅಂತಲೇ ಕರೆಯುವುದು. ಕುವೈತಿಗೆ ಬಂದರೂ ಅದು ಹೋಗಿರಲಿಲ್ಲ. ನನಗೆ ಅವರು ಅಣ್ಣ, ಅಕ್ಕ. ಹದಿನಾಲ್ಕು ವರ್ಷ ಎದುರುಬದುರು ಇದ್ದೆವು. ಅಂಥ ಮನುಷ್ಯನಿಗೆ ನಾನು ಹನ್ನೊಂದು ದಿನ ಸುಳ್ಳು ಹೇಳಿದೆ. ಸಣ್ಣ ವಿಷಯದಲ್ಲಲ್ಲ, ಅವರ ಹೆಂಡತಿಯ ಪ್ರಾಣದ ವಿಷಯದಲ್ಲಿ. ಇಷ್ಟು ವರ್ಷ ಅದನ್ನು ಯಾರ ಹತ್ತಿರವೂ ಹೇಳಿದವಳಲ್ಲ...

ಅಣ್ಣನಿಗೆ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಕಾಂಟ್ರ್ಯಾಕ್ಟ್ ಕಂಪನಿಯ ಕೆಲಸ. ಬೆಸುಗೆ ಹಾಕಿದ ಪೈಪುಗಳಲ್ಲಿ ಬರಿಗಣ್ಣಿಗೆ ಕಾಣದ ಬಿರುಕು ಹುಡುಕುವುದು. ಬೆಳಿಗ್ಗೆ ಐದಕ್ಕೆ ಕಂಪನಿ ಬಸ್ಸು, ಸಂಜೆ ಐದೂವರೆಗೆ ಮನೆ. ಒಮ್ಮೆ ಕಂಪನಿಯವರು ಅವರನ್ನು ಎರಡು ವಾರ ಚೀನಾಕ್ಕೆ ಕಳಿಸಿದರು, ಅಲ್ಲಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪೈಪುಗಳನ್ನು ನೋಡಿ ಬರಲಿಕ್ಕೆ. ರಜೆಯ ದಿನ ದುಭಾಷಿಯಾಗಿದ್ದವನು ಒಂದು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದನಂತೆ. ಮೂರು ಸಾವಿರ ವರ್ಷಕ್ಕೂ ಹಿಂದಿನ ರಾಜಧಾನಿಯೊಂದನ್ನು ಅಗೆದು ತೆಗೆದ ಜಾಗ ಅದು. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಎತ್ತಿನ ಎಲುಬು, ಆಮೆಯ ಚಿಪ್ಪು, ಎಲ್ಲದರಲ್ಲೂ ಬಿರುಕು. ಬಿರುಕಿನ ಪಕ್ಕ ಕೆತ್ತಿದ ಅಕ್ಷರ. ಬೇರೆಯವರು ಚೀನಾದಿಂದ ಮೊಬೈಲು ತಂದರು, ಟೀ ಸೆಟ್ಟು ತಂದರು. ನಮ್ಮ ಅಣ್ಣ ಒಬ್ಬ ರಾಜನನ್ನು ತಂದರು.

ವೂ ದಿಂಗ್ ಅಂತ ಆ ರಾಜನ ಹೆಸರು. ಶಾಂಗ್ ವಂಶದವನು. "ನಮ್ಮದೇ ಡಿಪಾರ್ಟ್‌ಮೆಂಟಿನವ ಬಾಯಮ್ಮ, ಬಿರುಕು ನೋಡಿ ಹೇಳುವವ," ಅಂತ ಅಣ್ಣ ಎಷ್ಟು ಸಲ ಹೇಳಿದರೋ! ರಾಜನಿಗೆ ಏನು ತಿಳಿಯಬೇಕಿದ್ದರೂ ಎಲುಬಿಗೆ ಬಿಸಿ ಮುಟ್ಟಿಸಿ ಬಿರುಕು ಬರಿಸುವುದು, ಆ ಬಿರುಕನ್ನು ಓದಿ ಪಿತೃಗಳು ಎಂತ ಹೇಳಿದರು ಅಂತ ತಿಳಿಯುವುದು. ಮಳೆ ಬರುತ್ತದಾ? ಯುದ್ಧಕ್ಕೆ ಹೋಗಲಾ? ಈ ಹಲ್ಲುನೋವು ಯಾವ ಅಜ್ಜನ ಸಿಟ್ಟಿನಿಂದ ಬಂತು? ಪ್ರಶ್ನೆಯನ್ನೂ ಎಲುಬಿನ ಮೇಲೆ ಕೆತ್ತಿಸುತ್ತಿದ್ದ, ಕೆಲವು ಸಲ ಆಮೇಲೆ ನಿಜವಾಗಿ ಏನಾಯಿತು ಅನ್ನುವುದನ್ನೂ ಕೆತ್ತಿಸುತ್ತಿದ್ದ. ಅಣ್ಣ ಮರುಳಾದದ್ದು ಅದಕ್ಕೇ.

ಆ ರಾಜನ ಅಪ್ಪ ಅವನನ್ನು ಚಿಕ್ಕಂದಿನಲ್ಲಿ ಅರಮನೆಯಿಂದ ಹೊರಗೆ ಕಳಿಸಿದ್ದನಂತೆ. ಹೊಲದಲ್ಲಿ ದುಡಿಯುವವರ ನಡುವೆ ಬದುಕಿ ಬಾ ಅಂತ. ಅಪ್ಪ ಸತ್ತು ಪಟ್ಟಕ್ಕೆ ಬಂದ ಮೇಲೆ ಮೂರು ವರ್ಷ ಒಂದು ಮಾತೂ ಆಡಲಿಲ್ಲ. ರಾಜ್ಯವನ್ನು ಮಂತ್ರಿಗಳಿಗೆ ಬಿಟ್ಟು ಸುಮ್ಮನೆ ಕೂತು ನೋಡಿದ. ಆಮೇಲೆ ಒಂದು ಕನಸು ಬಿತ್ತು, ಕನಸಿನಲ್ಲಿ ಒಬ್ಬ ಜ್ಞಾನಿ. ಎದ್ದವನೇ ಆ ಮುಖದ ಚಿತ್ರ ಬರೆಸಿ ದೇಶವೆಲ್ಲ ಹುಡುಕಿಸಿದ. ಸಿಕ್ಕಿದವನು ಯಾರು? ಯಾವುದೋ ರಸ್ತೆಬದಿಯಲ್ಲಿ ಶಿಕ್ಷೆಗೆ ಸಿಕ್ಕಿ ಮಣ್ಣಿನ ಗೋಡೆ ಕಟ್ಟುತ್ತಿದ್ದ ಕೂಲಿ. ಅವನನ್ನೇ ಕರೆಸಿ ಮಹಾಮಂತ್ರಿ ಮಾಡಿದ. ಈ ಭಾಗ ಹೇಳುವಾಗ ಅಣ್ಣನ ದನಿ ಏರುತ್ತಿತ್ತು. ಬೇಸಗೆಯ ಬಿಸಿಲಲ್ಲಿ ಹೆಲ್ಮೆಟ್ ಹಾಕಿ ದುಡಿಯುವವರ ನಡುವೆ ಇಡೀ ಆಯುಷ್ಯ ಕಳೆದವರು. "ನಮ್ಮ ಸೈಟಿನಲ್ಲೂ ಅಂಥವರು ಇದ್ದಾರೆ ಬಾಯಮ್ಮ. ಕನಸು ಬೀಳಬೇಕಾದವರಿಗೆ ಬೀಳುವುದಿಲ್ಲ, ಅಷ್ಟೇ."

ಆ ರಾಜ ಐವತ್ತೊಂಬತ್ತು ವರ್ಷ ಆಳಿದನಂತೆ. ಅರವತ್ತಕ್ಕೂ ಮೇಲೆ ಹೆಂಡತಿಯರಂತೆ. ಅದು ಕೇಳಿ ನನಗೆ ಮೈಯುರಿಯಿತು. ಅದರಲ್ಲಿ ಒಬ್ಬಳು ಮಾತ್ರ ಬೇರೆ, ಫೂ ಹಾವ್ ಅಂತ. ಹದಿಮೂರು ಸಾವಿರ ಜನರ ಸೈನ್ಯ ಕಟ್ಟಿಕೊಂಡು ಯುದ್ಧಕ್ಕೆ ಹೋದವಳು, ಪೂಜೆ ಬಲಿಗಳನ್ನು ತಾನೇ ನಡೆಸಿದವಳು. ಅವಳಿಗೆ ಹಲ್ಲು ನೋವಾದರೆ ರಾಜ ಎಲುಬು ಸುಡಿಸುತ್ತಿದ್ದ. ಅವಳು ಬಸುರಿಯಾದರೆ, ಹೆರಿಗೆ ಸುಖವಾಗಿ ಆಗುತ್ತದಾ ಅಂತ ಸುಡಿಸುತ್ತಿದ್ದ. ಒಂದು ಚಿಪ್ಪಿನ ಮೇಲೆ ಹೀಗೆ ಬರೆದಿದೆಯಂತೆ: ಇಂಥ ದಿನ ಹೆತ್ತರೆ ಒಳ್ಳೆಯದು ಅಂತ ರಾಜನೇ ಓದಿ ಹೇಳಿದ. ಅದರ ಕೆಳಗೆ: ಮೂವತ್ತೊಂದು ದಿನ ಕಳೆದು ಹೆತ್ತಳು, ಒಳ್ಳೆಯದಾಗಲಿಲ್ಲ, ಹೆಣ್ಣು.

"ಹೆಣ್ಣು ಹುಟ್ಟಿದರೆ ಒಳ್ಳೆಯದಲ್ಲವಾ? ಸುಡಬೇಕಿದ್ದದ್ದು ಎಲುಬನ್ನಲ್ಲ, ಅವನ ಗಡ್ಡವನ್ನು!" ಅಂತ ನಾನು ರೇಗಿದೆ. ಒಬ್ಬಳೇ ಮಗಳ ಅಪ್ಪ ಅಣ್ಣ, ನಾಚಿಕೊಂಡರು. "ಅದು ಅವರ ಕಾಲ ಬಾಯಮ್ಮ. ಆದರೆ ಒಂದು ನೋಡಿ, ಬರೆಸಿದ್ದಾನೆ. ಕೆಟ್ಟ ಸುದ್ದಿಯನ್ನೂ ಬರೆಸಿದ್ದಾನೆ, ಮುಚ್ಚಿಡಲಿಲ್ಲ." ಅಕ್ಕ ಚಾದ ಲೋಟ ತಂದಿಡುತ್ತಾ, "ಅರವತ್ತು ಹೆಂಡತಿಯರಿಗೆ ಚಾ ಮಾಡಲಿಕ್ಕೆ ಯಾರಿದ್ದರಂತೆ, ಅದನ್ನು ಕೇಳಿ," ಅಂದರು. ಅವರ ಮಾತೇ ಹಾಗೆ, ಸಣ್ಣ ದನಿ, ಚುರುಕು ಮುಟ್ಟಿಸಿ ಸುಮ್ಮನಾಗುವುದು.

ಅಣ್ಣ ಊರಲ್ಲಿ ಹರೆಯದಲ್ಲಿ ತಾಳಮದ್ದಳೆಯ ಹುಚ್ಚು ಇದ್ದವರು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಆ ಪಾತ್ರವಾಗಿ ಮಾತಾಡುತ್ತಾರೆ. ಮಾತೇ ಎಲ್ಲ. ಕುವೈತಿಗೆ ಬಂದ ಮೇಲೆ ಅಣ್ಣನಿಗೆ ಅದಕ್ಕೆ ಪುರುಸೊತ್ತಾಗಿರಲಿಲ್ಲ. ಆ ವರ್ಷ ಮಾತ್ರ ಹಟ ಹಿಡಿದರು. ಈ ಚೀನಾ ರಾಜನ ಪ್ರಸಂಗ ತಾನೇ ಬರೆಯುತ್ತೇನೆ, ಊರವರೆಲ್ಲ ಸೇರುವ ದಿನ ಆಡಿಸುತ್ತೇನೆ, ರಾಜನ ಅರ್ಥ ತಾನೇ ಹೇಳುತ್ತೇನೆ. ಊರವರ ಸಂಘದ ಕಮಿಟಿಯವರು ನಕ್ಕರು. "ರಾಜ ಮೂರು ವರ್ಷ ಮಾತಾಡುವುದೇ ಇಲ್ಲ ಅಂದರೆ ಇದೆಂಥ ತಾಳಮದ್ದಳೆ ಮಾರಾಯ್ರೆ?" ಅಣ್ಣ ಬಗ್ಗಲಿಲ್ಲ. ರಾಜ ಸುಮ್ಮನೆ ಕೂರುತ್ತಾನೆ, ಮಂತ್ರಿಗಳು ಅವನ ಸುತ್ತ ವಾದ ಮಾಡುತ್ತಾರೆ, ಕೊನೆಗೆ ಅವನು ಬಾಯಿ ತೆರೆದಾಗ ಸಭೆ ಎಚ್ಚರಾಗುತ್ತದೆ, ನೋಡಿ ಬೇಕಾದರೆ ಅಂದರು.

ರಾಣಿಗೆ ಜನ ಸಿಗಲಿಲ್ಲ. ಯಾರೋ ನನ್ನ ಹೆಸರು ಹೇಳಿದರು. ಕೊಂಕಣಿ ಮನೆಮಾತಿನ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ನೋಡುವ ನಾನು ತಾಳಮದ್ದಳೆಯ ರಾಣಿ! ನನ್ನ ಗಂಡ ಹೊಟ್ಟೆ ಹಿಡಿದು ನಕ್ಕ. ಅಕ್ಕ ಮಾತ್ರ, "ಸೈನ್ಯ ನಡೆಸಿದ ರಾಣಿಗೆ ಇವರ ಗಂಟಲೇ ಸರಿ," ಅಂದರು. ಅದು ಹೊಗಳಿಕೆಯೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಆ ವಿಷಯಕ್ಕೆ ಬರಬೇಕು... ನಮ್ಮ ಜನರ ಒಂದು ಅಭ್ಯಾಸ ಉಂಟು. ಆಸ್ಪತ್ರೆಯಲ್ಲಿ ಊರವರು ಯಾರಾದರೂ ಇದ್ದರೆ ಡಾಕ್ಟರಿಗಿಂತ ಮೊದಲು ಅವರನ್ನು ಕೇಳುವುದು. ಡಾಕ್ಟರು ಇಂಗ್ಲಿಷಿನಲ್ಲೋ ಅರಬಿಯಲ್ಲೋ ಏನಾದರೂ ಹೇಳಲಿ, ನಮ್ಮವರು "ತೊಂದರೆ ಇಲ್ಲ" ಅಂದರೆ ಮಾತ್ರ ಊಟ ಇಳಿಯುವುದು. ಶುಕ್ರವಾರ ನಾನು ಇಗರ್ಜಿಯಿಂದ ಬರುವಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ಮೂವರು ರಿಪೋರ್ಟ್ ಹಿಡಿದು ನಿಂತಿರುತ್ತಿದ್ದರು. ನಾನೇನು ಡಾಕ್ಟರಲ್ಲ. ಆದರೂ ಓದಿ ಹೇಳುತ್ತಿದ್ದೆ, ಶುಗರ್ ಇದೆ, ಸಕ್ಕರೆ ಬಿಡಿ, ನೀರು ಕುಡಿಯಿರಿ. ಮತ್ತೆ ಇನ್ನೊಂದು ಅಭ್ಯಾಸ. ಸುದ್ದಿ ಕೆಟ್ಟದಾಗಿದ್ದು ಎದುರಿಗೆ ಮದುವೆಯೋ ತೊಟ್ಟಿಲೋ ಊರಿಗೆ ಹೋಗುವ ಟಿಕೆಟ್ಟೋ ಇದ್ದರೆ ಅದು ಮುಗಿಯಲಿ ಅಂತ ಸುಮ್ಮನಿರುವುದು. ಅದನ್ನು ನಾವು ಒಳ್ಳೆಯತನ ಅಂತಲೇ ತಿಳಿದಿದ್ದೆವು.

ಅಕ್ಕನಿಗೆ ಎರಡು ತಿಂಗಳಿಂದ ಹೊಟ್ಟೆ ಸರಿಯಿರಲಿಲ್ಲ. ಕಣ್ಣು ಹಳದಿಯಾಗಿತ್ತು. ನಮ್ಮ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಒಂದರ ಹಿಂದೆ ಒಂದು ಪರೀಕ್ಷೆ ಮಾಡಿದರು. ಕೊನೆಯ ರಿಪೋರ್ಟ್ ಬಂದ ದಿನ ಅದನ್ನು ಎಲ್ಲರಿಗಿಂತ ಮೊದಲು ನೋಡಿದ್ದು ನಾನು. ಪಿತ್ತಕೋಶದಿಂದ ಹೊರಟು ಎಲ್ಲೆಲ್ಲೋ ಹರಡಿದ ಗಡ್ಡೆ. ಆಪರೇಷನ್ ಮಾಡುವ ಹಂತ ದಾಟಿದೆ ಅಂತ ಡಾಕ್ಟರು ಅಕ್ಕನಿಗೇ ನೇರವಾಗಿ ಹೇಳಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ಅಕ್ಕ ಅಳಲಿಲ್ಲ. ಕೆಳಗೆ ಟ್ಯಾಕ್ಸಿಗೆ ಕಾಯುವಾಗ ನನ್ನ ಕೈ ಹಿಡಿದುಕೊಂಡರು.

"ದಮ್ಮಯ್ಯ ಬಾಯಮ್ಮ, ತಾಳಮದ್ದಳೆ ಮುಗಿಯುವ ತನಕ ಅವರಿಗೆ ಹೇಳಬೇಡಿ. ಮದುವೆಯಾದಂದಿನಿಂದ ಅವರು ತನಗೇ ಅಂತ ಆಸೆಪಟ್ಟದ್ದು ಇದೊಂದೇ. ಗೊತ್ತಾದರೆ ಎಲ್ಲ ಬಿಟ್ಟು ನನ್ನ ಹತ್ತಿರ ಬಂದು ಕೂರುತ್ತಾರೆ. ಕೂತು ಎಂತ ಮಾಡಲಿಕ್ಕುಂಟು?"

ನಾನು ಹೂಂ ಅಂದೆ. ಯೋಚನೆ ಮಾಡಿ ಅಂದದ್ದಲ್ಲ. ಹಾಗೆ ಕೇಳಿದವರಿಗೆ ಬೇರೆ ಏನು ಅನ್ನುವುದು? ಎಣಿಸಿ ನೋಡಿದರೆ ಇನ್ನು ಹನ್ನೊಂದು ದಿನ ಇತ್ತು.

ಆ ಶುಕ್ರವಾರ ಬಾಗಿಲಲ್ಲಿ ನಿಂತದ್ದು ಅಣ್ಣ. ಒಬ್ಬರೇ. ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಾ, "ಬಾಯಮ್ಮ, ಅವಳ ರಿಪೋರ್ಟ್ ಬಂತಲ್ಲ, ಒಳ್ಳೆಯದಾ, ಅಲ್ಲವಾ?" ಅಂತ ಕೇಳಿದರು. ಅಷ್ಟೇ ಪ್ರಶ್ನೆ. ನಾನು ಅವರ ಮುಖ ನೋಡಿಕೊಂಡೇ, "ಎಲ್ಲ ಒಳ್ಳೆಯದು ಅಣ್ಣ. ಸ್ವಲ್ಪ ಕಾಮಾಲೆ ಇದೆ, ಪಥ್ಯ ಮಾಡಿದರೆ ಹೋಗುತ್ತದೆ," ಅಂದೆ. ಅವರು ಎರಡೂ ಕೈ ಜೋಡಿಸಿಬಿಟ್ಟರು. ನನಗೆ ಕೈ ಮುಗಿದರು! ಒಳಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದೆ, ತೊಳೆದೆ... ಹೋಗುವಂಥದ್ದೇ ಅದು?

ಫಹಾಹೀಲಿನ ಒಂದು ಹೋಟೆಲಿನ ಮಹಡಿಯಲ್ಲಿ ದಿನಾ ಸಂಜೆ ಆರೂವರೆಯಿಂದ ಒಂಬತ್ತೂವರೆ ತನಕ ಅಭ್ಯಾಸ. ಅಣ್ಣ ಬಸ್ಸಿಳಿದು, ಸ್ನಾನ ಮಾಡಿ, ಚಾ ಕುಡಿದು, ನನ್ನ ಬೆಲ್ ಒತ್ತುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತು "ಯಲ್ಲಾ ಯಲ್ಲಾ, ಸೈನ್ಯ ಹೊರಡಲಿ," ಅಂತ ಕೈ ಬೀಸುತ್ತಿದ್ದರು. ಅಣ್ಣ ಮೊದಲೆರಡು ದಿನ, "ನೀನೂ ಬಾ," ಅಂದರು. "ಬಂದು ಎಲ್ಲ ಕೇಳಿದರೆ ಆ ದಿನ ನೋಡಲಿಕ್ಕೆ ಎಂತ ಉಳಿಯುತ್ತದೆ?" ಅಂದರು ಅಕ್ಕ. ಕೂರಲು ಆಗುತ್ತಿರಲಿಲ್ಲ ಅವರಿಗೆ. ನನಗೆ ಗೊತ್ತಿತ್ತು, ಅಣ್ಣನಿಗೆ ಗೊತ್ತಿರಲಿಲ್ಲ.

ಆ ಅಭ್ಯಾಸದ ಸಂಜೆಗಳಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಒಂದು ಜಾಗ. ರಾಣಿ ಯುದ್ಧದಿಂದ ಬಂದು ರಾಜನ ಎದುರು ಕೂರುವ ದೃಶ್ಯ. ಗೆದ್ದದ್ದನ್ನು ನಾನು ಜೋರಾಗಿ ಹೇಳಬೇಕು. ರಾಜ ಅದೊಂದನ್ನೂ ಕೇಳದೆ, "ಮುಖ ಬಾಡಿದೆಯಲ್ಲ, ಊಟ ಸೇರುತ್ತದಾ?" ಅಂತ ಕೇಳುತ್ತಾನೆ. ಅಣ್ಣ ಬರೆದ ಮಾತು ಅದು, ಅಕ್ಕನ ಕಾಯಿಲೆಗೆ ಮೊದಲೇ ಬರೆದದ್ದು. ಅದಕ್ಕೆ ರಾಣಿಯ ಉತ್ತರ, "ನನಗೇನಾಗಿದೆ, ಚೆನ್ನಾಗಿಯೇ ಇದ್ದೇನೆ." ದಿನಾ ಸಂಜೆ ಅಣ್ಣನ ಕಣ್ಣಿಗೆ ಕಣ್ಣಿಟ್ಟು ನಾನು ಆ ಮಾತು ಹೇಳಿದೆ. ಒಂದು ದಿನ ಅದನ್ನೇ ಎರಡು ಸಲ ಹೇಳಿಬಿಟ್ಟೆ. ಅಣ್ಣ ಭಾಗವತರ ಕಡೆ ತಿರುಗಿ, "ನೋಡಿ, ಬಾಯಮ್ಮ ಎಷ್ಟು ಒಳಗಿಂದ ಹೇಳುತ್ತಾರೆ," ಅಂದರು. ಸಾಯುವಷ್ಟು ನಾಚಿಕೆಯಾಯಿತು.

ಆ ದಿನ ಬಂತು. ಹಾಲ್ ತುಂಬ ಜನ, ಹಿಂದೆ ಮಕ್ಕಳ ಗಲಾಟೆ. ಅಕ್ಕ ಮುಂದಿನ ಸಾಲಿನಲ್ಲಿ ನೇರಳೆ ಬಣ್ಣದ ಸೀರೆಯಲ್ಲಿ ಕೂತಿದ್ದರು, ಬೆನ್ನಿಗೆ ದಿಂಬು ಕೊಟ್ಟುಕೊಂಡು. ಮಂತ್ರಿಗಳು ವಾದ ಮಾಡಿದರು. ರಾಜ ಸುಮ್ಮನೆ ಕೂತ. ಒಂದು ನಿಮಿಷ, ಎರಡು, ಮೂರು... ಜನ ಗುಸುಗುಸು ಅಂದರು, ನಕ್ಕರು, ಆಮೇಲೆ ಅವರೂ ಸುಮ್ಮನಾದರು. ಮಕ್ಕಳು ಕೂಡ. ಅಣ್ಣ ಹೇಳಿದ್ದು ನಿಜವಾಯಿತು. ಅವರು ಬಾಯಿ ತೆರೆದ ಹೊತ್ತಿಗೆ ಆ ಹಾಲಿನಲ್ಲಿ ಏಸಿಯ ಶಬ್ದ ಬಿಟ್ಟರೆ ಬೇರೆ ಇರಲಿಲ್ಲ.

ಕೊನೆಯ ಭಾಗದಲ್ಲಿ ರಾಣಿ ರಾಜನಿಗಿಂತ ಮೊದಲು ಸಾಯುತ್ತಾಳೆ. ಅದು ಅಣ್ಣ ಕಟ್ಟಿದ್ದಲ್ಲ, ನಡೆದದ್ದೇ ಹಾಗೆ. ರಾಜ ಅವಳನ್ನು ರಾಜವಂಶದ ಗೋರಿಗಳ ಕಡೆಗೆ ಕಳಿಸದೆ ಅರಮನೆಯ ಪಕ್ಕದಲ್ಲೇ ಹೂಳಿಸಿದ. ಅವಳ ಯುದ್ಧದ ಕೊಡಲಿ, ಕಂಚಿನ ಪಾತ್ರೆಗಳು, ಜೇಡ್ ಕಲ್ಲಿನ ಗೊಂಬೆಗಳು, ಕೂದಲಿಗೆ ಸಿಕ್ಕಿಸುವ ಎಲುಬಿನ ಕಡ್ಡಿಗಳು, ಎಲ್ಲವನ್ನೂ ಅವಳ ಜೊತೆಗಿಟ್ಟ. ಹೂಳಿಸಿದ ಮೇಲೂ ಅವಳ ಬಗ್ಗೆ ಎಲುಬಿಗೆ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲವಂತೆ. ಅಲ್ಲಿ ಅವಳು ಯಾರ ಆಸರೆಯಲ್ಲಿ ಇದ್ದಾಳೆ? ನನ್ನ ಅಜ್ಜಂದಿರಲ್ಲಿ ಯಾರು ಅವಳನ್ನು ನೋಡಿಕೊಳ್ಳುತ್ತಾರೆ? ಅಣ್ಣ ಆ ಪ್ರಶ್ನೆಗಳನ್ನು ಒಂದೊಂದಾಗಿ, ಮೆಲ್ಲಗೆ ಕೇಳಿದರು. ಹಿಂದೆ ಕೂತವರೂ ಮೂಗು ಒರೆಸಿಕೊಂಡರು. ಅಕ್ಕ ಮಾತ್ರ ನಗುತ್ತಿದ್ದರು. ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿ ನಗುತ್ತಿದ್ದರು. ಸತ್ತ ರಾಣಿ ನಾನು ಅದೇ ವೇದಿಕೆಯಲ್ಲಿ ಕೂತಿದ್ದೆ. ಅವರ ಕಡೆ ನೋಡಲಾಗದೆ ಮೈಕಿನ ವಯರು ನೋಡುತ್ತಾ ಕೂತೆ.

ಅದೇ ರಾತ್ರಿ ಅಕ್ಕನೇ ಅಣ್ಣನಿಗೆ ಹೇಳಿದರು. ಮರುದಿನವೇ ಇಬ್ಬರೂ ಊರಿಗೆ ಹೊರಟರು. ನಾಲ್ಕು ತಿಂಗಳು ಬದುಕಿದ್ದರು ಅಕ್ಕ. ಹನ್ನೊಂದು ದಿನ ಮೊದಲು ಹೇಳಿದ್ದರೂ ಉಳಿಯುತ್ತಿರಲಿಲ್ಲ. ಅದು ನನಗೆ ಗೊತ್ತು, ಅಣ್ಣನಿಗೂ ಗೊತ್ತಿತ್ತು. ಆದರೆ ಊರಿಗೆ ಹೋದ ಮೇಲೆ ಬರಿ ಆಸ್ಪತ್ರೆ, ನೆಂಟರು, ಮಗಳ ಅಳು, ನೋವಿನ ಮದ್ದಿನ ಮಂಪರು. ಇಬ್ಬರೇ ಕೂತು ಮಾತಾಡುವಂಥ ಸಂಜೆ ಆಮೇಲೆ ಅವರಿಗೆ ಸಿಗಲೇ ಇಲ್ಲ. ಇದ್ದದ್ದು ಆ ಹನ್ನೊಂದು ಮಾತ್ರ.

ಅಣ್ಣ ಆಮೇಲೆ ಒಮ್ಮೆ ಬಂದರು, ಇಲ್ಲಿನ ವಾಸದ ಪರವಾನಗಿ ಇಕಾಮಾ ರದ್ದು ಮಾಡಿಸಿ ಮನೆ ಖಾಲಿ ಮಾಡಲಿಕ್ಕೆ. ಹೊರಡುವ ದಿನ ನನ್ನ ಬೆಲ್ ಒತ್ತಿದರು. ಒಳಗೆ ಬನ್ನಿ ಅಂದೆ, ಬರಲಿಲ್ಲ. ಬೈಯಲಿ ಅಂತ ನಾನು ಕಾದೆ. ನಿಜಕ್ಕೂ ಕಾದೆ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಬಾಯಮ್ಮ, ನೀವು ಯಾಕೆ ಹೇಳಲಿಲ್ಲ ಅಂತ ಕೇಳಲಿಕ್ಕೆ ಬಂದದ್ದಲ್ಲ. ಅದನ್ನು ಅವಳೇ ಹೇಳಿದ್ದಾಳೆ," ಅಂದರು. "ನಾವು ಅಭ್ಯಾಸಕ್ಕೆ ಹೋದ ಆ ಹನ್ನೊಂದು ಸಂಜೆ ಅವಳು ಒಬ್ಬಳೇ ಎಂತ ಮಾಡುತ್ತಿದ್ದಳು? ಅವಳನ್ನೇ ಕೇಳಿದೆ. ಎಂತ ಇಲ್ಲ, ಸುಮ್ಮನೆ ಕೂತಿದ್ದೆ ಅಂದಳು. ನಿಮಗೇನಾದರೂ ಗೊತ್ತುಂಟಾ?"

"ಗೊತ್ತಿಲ್ಲ ಅಣ್ಣ," ಅಂದೆ. "ನಾನೂ ಅಲ್ಲೇ ಇದ್ದೆನಲ್ಲ, ನಿಮ್ಮ ಎದುರು."

ಹೌದಲ್ಲ ಅನ್ನುವ ಹಾಗೆ ತಲೆ ಆಡಿಸಿ ಲಿಫ್ಟಿನ ಕಡೆ ನಡೆದರು. ಅದೇ ಕೊನೆ. ಎರಡು ವರ್ಷದ ಮೇಲೆ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಕೆಳಗೆ ಸಾಲುಸಾಲು ಕೈ ಮುಗಿದ ಚಿತ್ರಗಳು. ನಾನು ಏನೂ ಹಾಕಲಿಲ್ಲ.

ಎದುರು ಫ್ಲ್ಯಾಟಿಗೆ ಆಮೇಲೆ ಮೂರು ಸಂಸಾರ ಬಂದು ಹೋದವು. ನನ್ನ ಮಕ್ಕಳು ಓದಲಿಕ್ಕೆ ಹೋದರು, ಗಂಡನದು ಅಹ್ಮದಿಯಲ್ಲಿ ಶಿಫ್ಟ್ ಡ್ಯೂಟಿ. ಹೀಗಾಗಿ ವಾರದಲ್ಲಿ ಕೆಲವು ಸಂಜೆ ನಾನೂ ಒಬ್ಬಳೇ. ಆರೂವರೆಗೆ ಟಿವಿ ಆರಿಸಿ, ಫೋನು ಒಳಗಿಟ್ಟು, ಸುಮ್ಮನೆ ಕೂತು ನೋಡಿದ್ದೇನೆ. ಕಿಟಕಿಯ ಹೊರಗೆ ಕಂಪನಿ ಬಸ್ಸುಗಳು ನಿಲ್ಲುತ್ತವೆ, ಜನ ಇಳಿಯುತ್ತಾರೆ. ಮೆಟ್ಟಿಲಲ್ಲಿ ಯಾರದೋ ಹೆಜ್ಜೆ, ನಮ್ಮ ಮಹಡಿಗೆ ಬರದೆ ಕೆಳಗೇ ನಿಲ್ಲುತ್ತದೆ. ಗಡಿಯಾರ ನೋಡಿದರೆ ಇನ್ನೂ ಏಳಾಗಿರುವುದಿಲ್ಲ.

ಮೂರು ಗಂಟೆ ತುಂಬ ಉದ್ದ. ಸುಳ್ಳು ಹೇಳಿದ್ದಕ್ಕೆ ಅಕ್ಕನ ಮಾತು ಉಂಟು, ಅದರ ಹಿಂದೆ ಅವಿತುಕೊಳ್ಳಬಹುದು. ಆದರೆ ಆ ಹನ್ನೊಂದರಲ್ಲಿ ಒಂದು ಸಂಜೆ ಜ್ವರ ಅಂತ ಹೇಳಿ ಅಭ್ಯಾಸ ತಪ್ಪಿಸಿ, ಎರಡು ಹೆಜ್ಜೆ ದಾಟಿ ಎದುರುಮನೆಯ ಬೆಲ್ ಒತ್ತಬಹುದಿತ್ತು ನಾನು. ಅಕ್ಕನ ಜೊತೆ ಕೂತು ಒಂದು ಲೋಟ ಚಾ ಕುಡಿಯಬಹುದಿತ್ತು. ಅಷ್ಟು ಸುಳ್ಳು ಹೇಳಿದವಳಿಗೆ ಅದೊಂದು ಸುಳ್ಳು ಹೊಳೆಯಲೇ ಇಲ್ಲ.